ಬಿಚ್ಚಿ ಜೋಡಿಸಿದ ಗರಗಸದ ಹಟ

ಜಾವಳಿಯ ಸುತ್ತಿನ ಕಾಫಿ ತೋಟಗಳಲ್ಲಿ ಹೂಮಳೆ ಬಿದ್ದು, ಹೂವರಳಿ, ಕಾಯಿ ಕಚ್ಚಿದ ಮೇಲೆ, ಮುಂಗಾರು ಘಟ್ಟ ಹತ್ತುವುದಕ್ಕೆ ಮುನ್ನ ಮರಗಸಿಯನ್ನು ಮುಗಿಸಿಬಿಡಬೇಕೆಂಬ ಆತುರ ಹುಟ್ಟುವ ಏಪ್ರಿಲ್ ಮೇ ತಿಂಗಳುಗಳಲ್ಲಿ, ಉಗ್ರಾಣದ ಮೂಲೆಯಿಂದ ಈಚೆಗೆ ಬರುವ ಸಲಕರಣೆಗಳ ಪೈಕಿ ಅತಿಶಯವಾದ ಗೌರವಕ್ಕೂ ಅಷ್ಟೇ ಅತಿಶಯವಾದ ಬೈಗುಳಕ್ಕೂ ಏಕಕಾಲದಲ್ಲಿ ಪಾತ್ರವಾಗತಕ್ಕದ್ದು ಮರ ಕೊಯ್ಯುವ ಮಿಷನ್ನು. ಹಾಲುವಾಣದ ರೆಂಬೆ ಸವರುವುದಕ್ಕೆ ಕತ್ತಿ ಸಾಕು. ಗಾಳಿಗೆ ಮುರಿದು ಗಿಡಗಳ ಮೇಲೆ ಅಡ್ಡಬಿದ್ದ ಸಿಲ್ವರ್ ಮರವನ್ನು ತುಂಡರಿಸಿ ಈಚೆಗೆಳೆಯುವುದಕ್ಕೆ ಮಿಷನ್ನೇ ಬೇಕು. ಹಿಂದಿನ ವರ್ಷ ಸೀಜ್ ಆಗಿ ನಿಂತಿದ್ದ ಅಂಥ ಮಿಷನ್ನಿಗೆ ಪೇಟೆಯಲ್ಲಿ ಹೊಸ ಬೋರು, ಹೊಸ ಪಿಸ್ಟನ್ನು, ಹೊಸ ರಿಂಗುಗಳನ್ನು ಹಾಕಿಸಿ, ಹೊಸದಕ್ಕೆ ಕೊಡಬಹುದಾಗಿದ್ದ ಹಣದ ಗಣನೀಯ ಭಾಗವನ್ನೇ ತೆತ್ತು ತಂದ ಮೇಲೆ, ತೋಟದ ಅಂಗಳದಲ್ಲಿ ಒಬ್ಬರಾದ ಮೇಲೊಬ್ಬರು ದಾರ ಎಳೆದೆಳೆದು ಬೆವರಿದರೂ ಅದು ಒಂದು ಕೆಮ್ಮನ್ನೂ ಕೆಮ್ಮದೆ ಸುಮ್ಮನಿದ್ದರೆ ಯಜಮಾನನ ಮನಸ್ಸಿನಲ್ಲಿ ಏಳತಕ್ಕ ವಿಚಾರಗಳನ್ನು ಇಲ್ಲಿ ಅಚ್ಚಿಸುವುದು ಸಭ್ಯತೆಯಲ್ಲ.

ಹಳೆಯ ಮಿಷನ್ನು ಹೊರಡದಿರುವುದೂ ಬಿಚ್ಚಿ ಜೋಡಿಸಿದ ಮಿಷನ್ನು ಹೊರಡದಿರುವುದೂ ಹೊರನೋಟಕ್ಕೆ ಒಂದೇ ರೋಗವಾಗಿ ಕಂಡರೂ ನಿದಾನದ ದೃಷ್ಟಿಯಿಂದ ಅವೆರಡೂ ಸಂಪೂರ್ಣವಾಗಿ ಬೇರೆ. ಹಳೆಯದರಲ್ಲಿ ಕಾಲವು ಏನನ್ನು ಸವೆಸಿತು ಎಂದು ಕೇಳಬೇಕು. ಜೋಡಿಸಿದ್ದರಲ್ಲಿ ಕೈಯು ಏನನ್ನು ಮುಟ್ಟಿತು ಎಂದು ಕೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವ್ಯತಿರಿಕ್ತ: ಹೊಸದಾಗಿ ಹಾಕಿದ ಭಾಗಗಳ ಮೇಲೆ ಯಾರಿಗೂ ಸಂಶಯವಿಲ್ಲ, ಯಾರೂ ಮುಟ್ಟದ ಕಾರ್ಬ್ಯುರೇಟರಿನ ಎರಡು ತಿರುಪುಗಳನ್ನು ಮಾತ್ರ, ಅವು ಹೊರಗೆ ಕಾಣುತ್ತವೆಂಬ ಒಂದೇ ಅಪರಾಧಕ್ಕಾಗಿ, ಸ್ಕ್ರೂಡ್ರೈವರು ಹಿಡಿದವರೆಲ್ಲರೂ ತಿರುಗಿಸುತ್ತಾರೆ. ಊರು ಎತ್ತರದಲ್ಲಿದೆ, ಗಾಳಿ ತೆಳುವಾಗಿದೆ, ಅದಕ್ಕೇ ಹೊರಡುತ್ತಿಲ್ಲ ಎಂಬ ಪಾಂಡಿತ್ಯವನ್ನೂ ಕೇಳಿದ್ದೇನೆ. ಸಾವಿರ ಮೀಟರಿನ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ನೂರಕ್ಕೆ ಹತ್ತರಷ್ಟು ಕಡಮೆಯಿರುವುದು ನಿಜವೇ. ಅದರಿಂದ ಮಿಶ್ರಣ ತುಸು ಗಾಢವಾಗಿ ಹೊಗೆ ಹೆಚ್ಚಬಹುದಲ್ಲದೆ ಎಂಜಿನ್ನು ಮೂಕವಾಗಲಾರದು.

ಈ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಅದರ ಸ್ವಭಾವವನ್ನರಿಯದೆ ದೋಷವನ್ನು ಹುಡುಕುವುದು ವ್ಯರ್ಥಪ್ರಯಾಸವಾದುದರಿಂದ ಒಂದೆರಡು ಮಾತು ಹೇಳಬೇಕಾಗಿದೆ. ಇದರಲ್ಲಿ ವಾಲ್ವುಗಳಿಲ್ಲ, ಬೋರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಮುಚ್ಚಿ ತೆರೆಯುತ್ತದೆ. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ನಿರ್ವಾತವುಂಟಾಗಿ ಕಾರ್ಬ್ಯುರೇಟರಿನ ಮೂಲಕ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒಳಗೆ ಸೆಳೆಯಲ್ಪಡುತ್ತದೆ; ಅದೇ ಪಿಸ್ಟನ್ನು ಕೆಳಗಿಳಿಯುವಾಗ ಆ ಮಿಶ್ರಣವು ಒತ್ತಲ್ಪಟ್ಟು, ಪಕ್ಕದ ಕಿಂಡಿಗಳ ದಾರಿಯಾಗಿ ಮೇಲಣ ದಹನಸ್ಥಾನವನ್ನು ಸೇರುತ್ತದೆ. ಎಂದರೆ ಪಿಸ್ಟನ್ನಿನ ಮೇಲ್ಭಾಗದಲ್ಲಿ ಉರಿಯುವ ಕೆಲಸ, ಕೆಳಭಾಗದಲ್ಲಿ ಕಮ್ಮಾರನ ತಿದಿಯ ಕೆಲಸ, ಎರಡೂ ಒಂದೇ ಕಾಲದಲ್ಲಿ ನಡೆಯುತ್ತಿರುತ್ತವೆ. ಆದಕಾರಣ ಮೇಲ್ಭಾಗವು ಎಷ್ಟು ಭದ್ರವಾಗಿ ಮುಚ್ಚಿರಬೇಕೋ ಕೆಳಭಾಗವೂ ಅಷ್ಟೇ ಭದ್ರವಾಗಿ ಮುಚ್ಚಿರತಕ್ಕದ್ದು.

ಮಲೆನಾಡಿನ ಹಿರಿಯ ಮೆಕ್ಯಾನಿಕರಿಗೆ ಈ ವಿಷಯ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ ಬೈಕುಗಳು, ಲೂನಾ ಮೊಪೆಡ್ಡುಗಳು, ಹಳೆಯ ಬಜಾಜ್ ಸ್ಕೂಟರುಗಳು, ಎಲ್ಲವೂ ಇದೇ ಜಾತಿಯವು. ಅವುಗಳ ಬೋರು ಬಿಚ್ಚಿ ಇಂಗಾಲ ಕೆರೆದು ಪಳಗಿದ ಕೈಗಳೇ ಇಂದು ಗರಗಸಗಳನ್ನೂ ಬಿಚ್ಚುತ್ತಿವೆ. ಆದರೆ ಯೆಜ್ಡಿಯ ವಿದ್ಯೆಯು ಗರಗಸದ ಬಾಗಿಲವರೆಗೆ ಕರೆತಂದು ಅಲ್ಲಿ ಕೈಬಿಡುತ್ತದೆ. ಬೈಕಿನಲ್ಲಿ ಟ್ಯಾಂಕು ಮೇಲಿದೆ, ಕಾರ್ಬ್ಯುರೇಟರು ಕೆಳಗಿದೆ, ಪೆಟ್ರೋಲು ತನ್ನ ಭಾರದಿಂದಲೇ ಇಳಿದು ತೇಲುಗುಂಡಿನ ಬಟ್ಟಲಿನಲ್ಲಿ ತುಂಬಿಕೊಳ್ಳುತ್ತದೆ. ಗರಗಸವನ್ನಾದರೋ ಅಡ್ಡ ಹಿಡಿಯಬೇಕು, ಓರೆ ಹಿಡಿಯಬೇಕು, ಮರದ ಬುಡದಲ್ಲಿ ಮಗ್ಗುಲು ಮಲಗಿಸಿ ಕೊಯ್ಯಬೇಕು. ಅಲ್ಲಿ ತೇಲುಗುಂಡಿನ ಆಟ ನಡೆಯದು. ಆಂಡ್ರಿಯಾಸ್ ಸ್ಟೀಲ್ ಎಂಬ ಜರ್ಮನ್ ಎಂಜಿನಿಯರು 1926ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ವಿದ್ಯುತ್ ಗರಗಸದಿಂದ ಆರಂಭಿಸಿ 1929ರಲ್ಲಿ ಪೆಟ್ರೋಲ್ ಗರಗಸವನ್ನು ಹೊರತಂದನಾದರೂ, ಒಬ್ಬನೇ ಮನುಷ್ಯನು ಬೇಕಾದ ಭಂಗಿಯಲ್ಲಿ ಹಿಡಿದು ಕೊಯ್ಯಬಹುದಾದ ಹಗುರ ಮಿಷನ್ನು ಲೋಕದಲ್ಲಿ ಹಬ್ಬಿದ್ದು ಎರಡನೆಯ ಮಹಾಯುದ್ಧದ ತರುವಾಯ, ಡಯಾಫ್ರಮ್ ಕಾರ್ಬ್ಯುರೇಟರು ಬಂದ ಮೇಲೆ. ಇದರಲ್ಲಿ ಪೆಟ್ರೋಲನ್ನು ಮೇಲಕ್ಕೆಳೆಯುವ ಒಂದು ತೆಳುವಾದ ಪೊರೆಯಿದೆ; ಆ ಪೊರೆಯನ್ನು ಮಿಡಿಯಿಸುವುದು ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತ; ಆ ಏರಿಳಿತವು ಪೊರೆಗೆ ತಲಪುವುದು ಗುಂಡುಸೂಜಿಯ ತಲೆಗಿಂತ ಬಹಳ ದೊಡ್ಡದಲ್ಲದ ಒಂದು ರಂಧ್ರದ ಅಥವಾ ಒಂದು ಸಣ್ಣ ರಬ್ಬರು ನಾಳದ ಮೂಲಕ. ಯೆಜ್ಡಿಯಲ್ಲಿ ಅಂಥ ರಂಧ್ರವಿಲ್ಲ. ಆದುದರಿಂದ ಯೆಜ್ಡಿ ಬಲ್ಲವನ ಕಣ್ಣು ಅದನ್ನು ಹುಡುಕುವುದೂ ಇಲ್ಲ.

ಈಗ ಪರೀಕ್ಷೆಯ ಕ್ರಮ. ಮೊದಲು ಕೇಳತಕ್ಕ ಪ್ರಶ್ನೆ ಒಂದೇ: ಚೋಕು ಹಾಕಿ ಹತ್ತಾರು ಸಲ ದಾರ ಎಳೆದ ಮೇಲೆ ಪ್ಲಗ್ಗು ಒದ್ದೆಯಾಗಿದೆಯೋ, ಒಣಗಿದೆಯೋ? ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯನ್ನೋ ಒತ್ತಡವನ್ನೋ ಕಿಡಿ ಹಾರುವ ಕಾಲವನ್ನೋ ವಿಚಾರಿಸಬೇಕು. ಒಣಗಿದ್ದರೆ ಪೆಟ್ರೋಲಿನ ದಾರಿಯನ್ನು ವಿಚಾರಿಸಬೇಕು. ಈ ಒಂದು ವಿಭಾಗದಿಂದ ಅರ್ಧ ಶ್ರಮ ಉಳಿಯುತ್ತದೆ.

ಕಿಡಿಯನ್ನು ನೋಡುವುದಕ್ಕೆ ಪ್ಲಗ್ಗನ್ನು ಕಳಚಿ, ಕ್ಯಾಪು ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗಳಿಗೆ ಒತ್ತಿಹಿಡಿದು ದಾರ ಎಳೆಯುವುದು ಸರ್ವವಿದಿತವಾದ ಪದ್ಧತಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಹೊರಚಿಮ್ಮುತ್ತಿರುತ್ತದೆಯಾಗಿ ಕಿಡಿಯನ್ನು ಆ ತೂತಿನಿಂದ ದೂರವಿರಿಸಬೇಕೆಂಬುದು ಮಾತ್ರ ಅಷ್ಟು ವಿದಿತವಲ್ಲ, ಸುಟ್ಟ ಹುಬ್ಬುಗಳು ಅದಕ್ಕೆ ಸಾಕ್ಷಿ. ಪ್ಲಗ್ಗಿನ ಬಾಯಿಯ ಅಂತರ ಸಾಮಾನ್ಯವಾಗಿ 0.5 ಮಿಲಿಮೀಟರು. ಕಿಡಿಯೇ ಇಲ್ಲದಿದ್ದರೆ ಕಾಯಿಲು ಸುಟ್ಟಿತೆಂದು ಹೊಸ ಕಾಯಿಲು ತರಿಸುವುದಕ್ಕೆ ಮೊದಲು ಸ್ವಿಚ್ಚಿನಿಂದ ಕಾಯಿಲಿಗೆ ಬರುವ ತಂತಿಯನ್ನು ಬಿಡಿಸಿ ನೋಡಬೇಕು. ಏಕೆಂದರೆ ಈ ಮಿಷನ್ನುಗಳಲ್ಲಿ ಎಂಜಿನ್ನನ್ನು ನಿಲ್ಲಿಸುವ ಉಪಾಯವೆಂದರೆ ಆ ತಂತಿಯನ್ನು ಮೈಲೋಹಕ್ಕೆ ತಾಗಿಸುವುದು. ಜೋಡಿಸುವಾಗ ಅದು ಕವಚದ ಅಡಿಯಲ್ಲಿ ಸಿಕ್ಕಿ ಸಿಪ್ಪೆ ಸುಲಿದಿದ್ದರೆ ಮಿಷನ್ನು ತನ್ನನ್ನು ಸದಾಕಾಲ ಆಫ್ ಎಂದೇ ಭಾವಿಸಿಕೊಂಡಿರುತ್ತದೆ. ಕಾಯಿಲಿಗೂ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವೆ 0.2ರಿಂದ 0.3 ಮಿಲಿಮೀಟರಿನ ಅಂತರವಿರಬೇಕು. ಗೇಜಿಲ್ಲದವರು ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ತೂರಿಸಿ, ಅಯಸ್ಕಾಂತವು ಕಾಯಿಲನ್ನು ತಾನೇ ಎಳೆದುಕೊಳ್ಳುವಂತೆ ಬಿಟ್ಟು, ಬೋಲ್ಟು ಬಿಗಿದು, ಕಾರ್ಡನ್ನು ಹೊರಗೆಳೆದರೆ ಸಾಕು.

ಕಿಡಿಯಿದೆ, ಪ್ಲಗ್ಗು ಒದ್ದೆಯೂ ಇದೆ, ಆದರೂ ಹೊರಡದು. ಹೊರಟಂತೆ ಮಾಡಿ ದಾರವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ ಅಥವಾ ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಉಗುಳುತ್ತದೆ ಎಂದಾದರೆ ಕಾಲ ತಪ್ಪಿದೆಯೆಂದು ತಿಳಿಯತಕ್ಕದ್ದು. ಪಿಸ್ಟನ್ನು ತುದಿಯನ್ನು ಮುಟ್ಟುವುದಕ್ಕೆ ಇಪ್ಪತ್ತು ಮೂವತ್ತು ಡಿಗ್ರಿಗಳಷ್ಟು ಮೊದಲೇ ಕಿಡಿ ಹಾರಬೇಕಾಗಿದ್ದು, ಫ್ಲೈವೀಲನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಸ್ಥಾನದಲ್ಲಿ ನಿಲ್ಲಿಸುವುದು ಒಂದು ಪುಟ್ಟ ಕೀಲಿ. ನಟ್ಟನ್ನು ಸಾಕಷ್ಟು ಬಿಗಿಯದೆ ಬಿಟ್ಟರೆ ಆ ಕೀಲಿ ಕತ್ತರಿಸಿಹೋಗಿ ಫ್ಲೈವೀಲು ಕೂದಲೆಳೆಯಷ್ಟು ಸರಿಯುತ್ತದೆ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸ್ವಸ್ಥವೇ.

ಒತ್ತಡ, ಅಂಗಡಿಯ ಭಾಷೆಯಲ್ಲಿ ಕಂಪ್ರೆಶನ್ನು, ಮಾಪಕದಲ್ಲಿ ಸಾಮಾನ್ಯವಾಗಿ 120ರಿಂದ 150 ಪಿಎಸ್‌ಐ ತೋರಿಸಬೇಕು. 100ಕ್ಕಿಂತ ಕೆಳಗಿಳಿದರೆ ಹೊರಡಿಸುವುದು ಕಷ್ಟ. ಮಾಪಕವಿಲ್ಲದ ಕಡೆ ದಾರದ ಹಿಡಿಯಿಂದ ಮಿಷನ್ನನ್ನು ತೂಗುಬಿಡುತ್ತಾರೆ: ತಡೆತಡೆದು ಮೆಟ್ಟಿಲಿಳಿದಂತೆ ಇಳಿದರೆ ಒತ್ತಡವಿದೆ, ಸರ್ರನೆ ಜಾರಿದರೆ ಇಲ್ಲ. ಹೊಸ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವವರೆಗೆ ತುಸು ಕಡಮೆಯಿರುವುದು ಸಹಜ. ತೀರ ಕಡಮೆಯಿದ್ದರೆ, ಪಿಸ್ಟನ್ನನ್ನು ಬೋರಿಗೆ ತೂರಿಸುವಾಗ ರಿಂಗಿನ ತುದಿಯು ಅದು ಕೂರುವ ಕಚ್ಚಿನಲ್ಲಿರುವ ಪುಟ್ಟ ಗೂಟವನ್ನು ಹತ್ತಿ ಮುರಿದಿರಬಹುದು; ಇಲ್ಲವೆ ಪಿಸ್ಟನ್ನಿನ ನೆತ್ತಿಯ ಮೇಲಣ ಬಾಣವು ಸೈಲೆನ್ಸರಿನ ಕಡೆಗಿರಬೇಕಾದುದು ತಿರುಗುಮುರುಗಾಗಿ, ರಿಂಗಿನ ತುದಿಗಳು ಕಿಂಡಿಗೆ ಸಿಕ್ಕಿಕೊಂಡಿರಬಹುದು. ದೊಡ್ಡ ಮಿಷನ್ನುಗಳಲ್ಲಿ ದಾರ ಹಗುರವಾಗಲೆಂದು ಒತ್ತಡ ಬಿಡುವ ಒಂದು ಗುಂಡಿಯಿರುತ್ತದೆ. ಅದು ಒಳಗೇ ಸಿಕ್ಕಿಕೊಂಡಿದ್ದರೂ ಇದೇ ಫಲ.

ಇದಲ್ಲದೆ ಉಸಿರು ಕಟ್ಟುವ ಕಾರಣಗಳೂ ಉಂಟು. ಕ್ಲಚ್ಚು ಬಿಚ್ಚುವಾಗ ಕ್ರ್ಯಾಂಕು ತಿರುಗದಿರಲೆಂದು ಪ್ಲಗ್ಗಿನ ತೂತಿನಿಂದ ಹಗ್ಗದ ತುಂಡನ್ನು ತುರುಕುವ, ಧೂಳು ಬೀಳದಿರಲೆಂದು ಕಿಂಡಿಗೆ ಬಟ್ಟೆ ಅಡಕುವ ರೂಢಿಯಿದೆ. ಅವುಗಳನ್ನು ತೆಗೆಯಲು ಮರೆತು ಮುಚ್ಚಿದ ಮಿಷನ್ನುಗಳು ಕಥೆಯಲ್ಲಿ ಮಾತ್ರ ಇರುವುವಲ್ಲ. ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ಸೈಲೆನ್ಸರಿನ ಬಾಯಲ್ಲಿ ಕುಂಬಾರಹುಳು ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿರುವುದೂ ನಮ್ಮ ಕಡೆ ಅಪರೂಪವಲ್ಲ.

ಜಾವಳಿಯ ತೋಟವೊಂದರಲ್ಲಿ ನಾನು ಪಕ್ಕದಲ್ಲಿ ಕುಳಿತು ನೋಡಿದ ಪ್ರಕರಣದಲ್ಲಿ ಇವಾವುವೂ ಇರಲಿಲ್ಲ. ಪ್ಲಗ್ಗು ಒಣಗಿತ್ತು. ತೋಟದ ಕೆಲಸದವರ ಪೈಕಿ ಮಿಷನ್ನು ಹಿಡಿಯುವಾತ, ಓದುಬರಹದಲ್ಲಿ ಹಿಂದಾದರೂ ತರ್ಕದಲ್ಲಿ ಮುಂದಾದವನು, ಎಣ್ಣೆ ಬೆರೆಸಿದ ಪೆಟ್ರೋಲನ್ನು ಪ್ಲಗ್ಗಿನ ತೂತಿನೊಳಕ್ಕೆ ಅರ್ಧ ಚಮಚದಷ್ಟು ಮಾತ್ರ ಬಿಟ್ಟು, ಪ್ಲಗ್ಗು ಬಿಗಿದು ದಾರ ಎಳೆದನು. ಮಿಷನ್ನು ಭರ್ರೆಂದು ಎರಡು ಕ್ಷಣ ಅರಚಿ ನಿಂತಿತು. “ಕರೆಂಟೂ ಇದೆ, ಕಂಪ್ರೆಶನ್ನೂ ಇದೆ. ಪೆಟ್ರೋಲ್ ಎಳೀತಿಲ್ಲ, ಅಷ್ಟೆ” ಎಂದನು. ಆ ಎರಡು ಕ್ಷಣದ ಅರಚಾಟವು ಕಿಡಿ, ಕಾಲ, ಒತ್ತಡ, ಈ ಮೂರನ್ನೂ ಒಮ್ಮೆಗೇ ನಿರ್ದೋಷಿಗಳೆಂದು ಬಿಡುಗಡೆ ಮಾಡಿತ್ತು. ಟ್ಯಾಂಕಿನೊಳಗಿನ ಫಿಲ್ಟರು ಚೊಕ್ಕಟವಾಗಿತ್ತು, ನಾಳ ಸೀಳಿರಲಿಲ್ಲ, ಮುಚ್ಚಳ ಸಡಲಿಸಿದಾಗ ಟ್ಯಾಂಕು ಗಾಳಿ ಹೀರಲಿಲ್ಲವಾಗಿ ಅದರ ಉಸಿರುರಂಧ್ರವೂ ತೆರೆದಿತ್ತು. ಕಾರ್ಬ್ಯುರೇಟರಿನ ಎರಡು ಮಗ್ಗುಲಿನ ಪೊರೆಗಳನ್ನು ಬಿಚ್ಚಿ ನೋಡಲಾಯಿತು. ಪಂಪಿನ ಮಗ್ಗುಲಲ್ಲಿ ಮೊದಲು ಪೊರೆ ಆಮೇಲೆ ಗ್ಯಾಸ್ಕೆಟ್ಟು, ಪೆಟ್ರೋಲನ್ನು ಅಳೆದು ಬಿಡುವ ಮಗ್ಗುಲಲ್ಲಿ ಮೊದಲು ಗ್ಯಾಸ್ಕೆಟ್ಟು ಆಮೇಲೆ ಪೊರೆ ಎಂಬುದು ಸಾಮಾನ್ಯ ನಿಯಮ, ಅದೂ ತಪ್ಪಿರಲಿಲ್ಲ. ಕೊನೆಗೆ ಕಾರ್ಬ್ಯುರೇಟರನ್ನೇ ಕಳಚಿ, ಅದು ಕೂರುವ ಜಾಗವನ್ನು ಬೆಳಕಿಗೆ ಹಿಡಿದಾಗ, ಬೂದುಬಣ್ಣದ ಗ್ಯಾಸ್ಕೆಟ್ ಪೇಸ್ಟು ಅಂಚಿನಿಂದ ಒಳಕ್ಕೆ ಜಿನುಗಿ, ಒಣಗಿ, ನಾನು ಮೊದಲು ಹೇಳಿದ ಆ ಮಿಡಿತದ ರಂಧ್ರದ ಮೇಲೆ ನಯವಾದೊಂದು ಬಿರಡೆಯಾಗಿ ಕುಳಿತಿರುವುದು ಕಂಡಿತು. ಸೋರದಿರಲಿ ಎಂಬ ಸದುದ್ದೇಶದಿಂದಲೇ ಅದನ್ನು ಧಾರಾಳವಾಗಿ ಬಳಿದಿದ್ದರು. ಬೈಕಿನ ಎಂಜಿನ್ನಿನಲ್ಲಾಗಿದ್ದರೆ ಆ ಧಾರಾಳತನದಿಂದ ಬಾಧಕವೇನೂ ಇರುತ್ತಿರಲಿಲ್ಲ. ತೆಳು ತಾಮ್ರದ ತಂತಿಯಿಂದ ಬಿರಡೆಯನ್ನು ಒಳಕ್ಕೆ ತಳ್ಳದೆ ಹೊರಕ್ಕೆ ಮೀಟಿ ತೆಗೆದು, ಮತ್ತೆ ಜೋಡಿಸಿ, ಚೋಕು ಹಾಕಿ ಎಳೆದಾಗ ಮೊದಲು ಒಂದು ಕೆಮ್ಮು ಕೇಳಿಸಿತು. ಚೋಕನ್ನು ಅರ್ಧಕ್ಕಿಳಿಸಿ ಮತ್ತೆ ಎಳೆದಾಗ ಹೊರಟಿತು.

ಆ ಮೊದಲ ಕೆಮ್ಮನ್ನು ಕೇಳಿಸಿಕೊಳ್ಳುವುದೂ ಒಂದು ವಿದ್ಯೆಯೇ. ಅದನ್ನು ಗಮನಿಸದೆ ಪೂರ್ಣ ಚೋಕಿನಲ್ಲಿಯೇ ಎಳೆಯುತ್ತ ಹೋದರೆ ಎಂಜಿನ್ನು ಪೆಟ್ರೋಲು ಕುಡಿದು ಮುಳುಗುತ್ತದೆ. ಆಗ ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ಚೋಕು ಪೂರ್ತಿ ತೆರೆದು, ತೂತು ಯಾರ ಮುಖಕ್ಕೂ ಇರದಂತೆ ಹಿಡಿದು ಹಲವು ಸಲ ದಾರ ಎಳೆದು, ಪ್ಲಗ್ಗನ್ನು ಒರಸಿ ಒಣಗಿಸಿ ಹಾಕುವುದಲ್ಲದೆ ಬೇರೆ ಉಪಾಯವಿಲ್ಲ.

ಹೊರಟಿತೆಂದು ಹಿಗ್ಗುವುದಕ್ಕೆ ಮೊದಲು ಇನ್ನೊಂದು ಪರೀಕ್ಷೆಯಿದೆ. ಇದನ್ನು ಬಿಟ್ಟುದರಿಂದಲೇ ಎಷ್ಟೋ ಹೊಸ ಪಿಸ್ಟನ್ನುಗಳು ಮೊದಲ ಟ್ಯಾಂಕಿನಲ್ಲಿಯೇ ಹಾಳಾಗಿವೆ. ಕ್ರ್ಯಾಂಕಿನ ಎರಡು ತುದಿಗಳ ಆಯಿಲ್ ಸೀಲುಗಳಲ್ಲಾಗಲಿ ಬೋರಿನ ಬುಡದಲ್ಲಾಗಲಿ ಗಾಳಿ ಹೊಡೆಯುತ್ತಿದ್ದರೆ, ಮಿಶ್ರಣ ಬಡವಾಗಿ, ಎಂಜಿನ್ನು ಹೊರಡುವುದಕ್ಕೆ ಸತಾಯಿಸಿ, ಹೊರಟ ಮೇಲೆ ಹತೋಟಿಗೆ ಸಿಗದೆ ಕೂಗಿ, ಎಣ್ಣೆ ಸಾಲದೆ ಮತ್ತೆ ಸೀಜ್ ಆಗುತ್ತದೆ. ಸೈಲೆನ್ಸರಿನ ಕಿಂಡಿಗೂ ಕಾರ್ಬ್ಯುರೇಟರಿನ ಕಿಂಡಿಗೂ ಸೈಕಲ್ ಟ್ಯೂಬಿನ ರಬ್ಬರು ಇಟ್ಟು ಬಿಗಿದು, ಒಳಕ್ಕೆ 0.5 ಬಾರಿನಷ್ಟು ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಹುಡುಕಬೇಕು. ಪಂಪು ಮಾಪಕಗಳಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ರಬ್ಬರು ಬುಗ್ಗೆ ಮತ್ತು ಮುಳ್ಳು ಮಾಪಕ 300 ಮಿಲಿಮೀಟರ್ ಪಾದರಸದವರೆಗೆ, ಎಂದರೆ ಸುಮಾರು 0.4 ಬಾರಿನವರೆಗೆ ತೋರಿಸುತ್ತವೆ. ಮುಳ್ಳು ಇಳಿಯದೆ ನಿಂತರೆ ಸಾಕಷ್ಟು ಸಮಾಧಾನ ಪಡಬಹುದು. ಒಳಕ್ಕೆ ಎಳೆಯುವ ನಿರ್ವಾತದಲ್ಲಿ ಮಾತ್ರ ಸೋರುವ ಸೀಲುಗಳೂ ಇವೆಯಾಗಿ ಅಂಗಡಿಯವನಲ್ಲಿ ನಿರ್ವಾತದ ಪಂಪಿದ್ದರೆ ಆ ಪರೀಕ್ಷೆಯನ್ನೂ ಮಾಡಿಸುವುದು ಲೇಸು.

ಮಿಷನ್ನು ಮೊದಲು ಸೀಜ್ ಆದದ್ದೇಕೆ ಎಂಬುದನ್ನು ವಿಚಾರಿಸದೆ ಬೋರು ಬದಲಿಸುವುದು ಹಣದ ದುರ್ವ್ಯಯ. ಮೊದಲು ನೋಡಬೇಕಾದದ್ದು ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆ: ಕಂಪನಿಯ ಎಣ್ಣೆಯಾದರೆ ಸಾಮಾನ್ಯವಾಗಿ ಒಂದು ಲೀಟರಿಗೆ 20 ಮಿಲಿಲೀಟರು, ಎಂದರೆ ಐವತ್ತಕ್ಕೊಂದು. ಸಾಧಾರಣ ಟೂ ಸ್ಟ್ರೋಕ್ ಎಣ್ಣೆಯಾದರೆ 40 ಮಿಲಿಲೀಟರು. ಅಂದಾಜಿನಲ್ಲಿ ಸುರಿಯುವ ಕೈಗೆ ಈ ಅಳತೆ ಬಲು ಚಿಕ್ಕದಾಗಿ ಕಾಣುತ್ತದೆ. ಇದರ ಮೇಲೆ ಈಚೆಗೆ ಬಂಕುಗಳಲ್ಲಿ ಬರುತ್ತಿರುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲು ತೇವವನ್ನು ಹೀರುತ್ತದೆ. ಹೇಮಾವತಿ ನದಿ ಹುಟ್ಟುವ ಜಾವಳಿಯಲ್ಲಿ, ಗೋಡೆಗಳೇ ಬೆವರುವ ಮಳೆಗಾಲದಲ್ಲಿ, ಹೀರುವುದಕ್ಕೆ ತೇವದ ಕೊರತೆಯಿಲ್ಲ. ತೇವ ಮಿತಿಮೀರಿದಾಗ ನೀರೂ ಎಥೆನಾಲೂ ಕೂಡಿಕೊಂಡು ಡಬ್ಬಿಯ ತಳಕ್ಕಿಳಿಯುತ್ತವೆ, ಬೆರೆಸಿದ ಎಣ್ಣೆಯು ಮೇಲಣ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ; ಟ್ಯಾಂಕಿನ ಫಿಲ್ಟರು ಇರುವುದೋ ತಳದಲ್ಲಿ. ಅದು ಹೀರುವುದು ಉರಿಯಲೊಲ್ಲದ, ಎಣ್ಣೆಯ ಅಂಶವೂ ಇಲ್ಲದ ದ್ರವವನ್ನು. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬಾರದೆಂಬ ಕಂಪನಿಗಳ ಸೂಚನೆಯನ್ನು ನಮ್ಮ ಸೀಮೆಯಲ್ಲಿ ಇನ್ನೂ ಬಿಗಿಯಾಗಿ ಪಾಲಿಸುವುದು ಯುಕ್ತ.

ಬಳಸದ ತಿಂಗಳುಗಳಲ್ಲಿ ಟ್ಯಾಂಕು ಬರಿದುಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರನ್ನು ಒಣಗಿಸಿ ಇಡತಕ್ಕದ್ದೆಂದು ಕಂಪನಿಯ ಕೈಪಿಡಿಗಳು ವಿಧಿಸುತ್ತವೆ. ವಿಧಿ ಸರಿಯೇ, ಆದರೆ ಅದನ್ನು ಬರೆದವರು ನಮ್ಮ ಮೂಡಿಗೆರೆ ತಾಲ್ಲೂಕಿನ ಆಶ್ಲೇಷಾ ಮಳೆಯನ್ನು ಕಂಡವರಲ್ಲ. 2019ರ ಆಗಸ್ಟಿನಲ್ಲಿ ಮಲೆಮನೆಯ ಕಡೆ ಗುಡ್ಡ ಜಾರಿ, ಚಾರ್ಮಾಡಿ ಘಾಟಿ ಮುಚ್ಚಿದಂಥ ದಿನಗಳಲ್ಲಿ, ದಾರಿಗೆ ಬಿದ್ದ ಮರವನ್ನು ಕೊಯ್ದು ಸರಿಸುವುದಕ್ಕೆ ಮೊದಲು ಬೇಕಾಗುವುದು ಉಗ್ರಾಣದಲ್ಲಿ ಒಣಗಿಸಿಟ್ಟ ಈ ಮಿಷನ್ನೇ. ಆದುದರಿಂದ ಮಳೆಗಾಲದಲ್ಲಿ ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊಸ ಮಿಶ್ರಣವನ್ನು ಮಾಡಿಕೊಂಡು, ವಾರಕ್ಕೊಮ್ಮೆ ಐದು ನಿಮಿಷ ಓಡಿಸಿಡುವುದು ಈ ಊರಿಗೆ ತಕ್ಕ ಕ್ರಮ. ಹೊಸ ಬೋರಿನ ಮಿಷನ್ನಾದರೆ ಮೊದಲ ಒಂದೆರಡು ಟ್ಯಾಂಕು ಮುಗಿಯುವವರೆಗೆ ಹೊರೆಯಿಲ್ಲದೆ ಪೂರ್ಣ ವೇಗಕ್ಕೆ ಕೂಗಿಸಬಾರದು. ಮತ್ತು ಮೊದಲ ಟ್ಯಾಂಕು ಮುಗಿದು ಎಂಜಿನ್ನು ಪೂರ್ತಿ ತಣಿದ ಮೇಲೆ ಬೋರಿನ ಬುಡದ ಬೋಲ್ಟುಗಳನ್ನೂ ಸೈಲೆನ್ಸರಿನ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿದು ನೋಡಬೇಕು, ಏಕೆಂದರೆ ಮೊದಲ ಕಾವಿಗೆ ಅವು ಸಡಲುವುದುಂಟು.